ಗ್ಯಾಲರಿಯ ವಾದ: ಅಮೆರಿಕದ ಕಾಲೇಜು ಕ್ರೀಡೆ ಮತ್ತು ಅಭಿಮಾನಿಯ ಹಕ್ಕು



ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಅದಿರುವ ಆನ್ ಆರ್ಬರ್ ಊರಿನ ಜನಸಂಖ್ಯೆ ಇದಕ್ಕಿಂತ ತುಸುವೇ ಹೆಚ್ಚು. ಇದು ವೃತ್ತಿಪರ ಕ್ಲಬ್ಬಿನ ಆಸ್ತಿಯಲ್ಲ. ತರಗತಿ, ಗ್ರಂಥಾಲಯ, ಪ್ರಯೋಗಾಲಯಗಳನ್ನು ನಡೆಸುವ ಒಂದು ವಿದ್ಯಾಸಂಸ್ಥೆ 1927ರಲ್ಲಿ ಕಟ್ಟಿಸಿಕೊಂಡದ್ದು. ಶರತ್ಕಾಲದ ಶನಿವಾರಗಳಂದು ಅದು ಕಿಕ್ಕಿರಿಯುತ್ತದೆ. ಆಟ ಮುಗಿದ ಮೇಲೆ ಶುರುವಾಗುವುದು ವಾದ. ಕೊನೆಯ ಗಳಿಗೆಯಲ್ಲಿ ಕೋಚ್ ಮಾಡಿದ್ದು ಸರಿಯೇ? ಅವನನ್ನು ಇಟ್ಟುಕೊಳ್ಳಬೇಕೇ, ಕಳಿಸಬೇಕೇ? ಹುಡುಗರಿಗೆ ಹಣ ಕೊಡಬೇಕೇ? ಇನ್ನೊಂದು ಕಾಲೇಜಿನಿಂದ ಆಟಗಾರನನ್ನು ಕರೆತರುವುದು ಮರ್ಯಾದೆಯೇ? ಈ ವಾದ ಮುಂದಿನ ಶನಿವಾರದವರೆಗೂ ನಡೆಯುತ್ತದೆ. ಹಲವು ಮನೆಗಳಲ್ಲಿ ಮೂರು ತಲೆಮಾರುಗಳಿಂದ ನಡೆದು ಬಂದಿದೆ.

ಈ ವಾದವನ್ನು ವಿರಾಮಕಾಲದ ಗದ್ದಲವೆಂದು ತಳ್ಳಿಹಾಕುವುದು ವಿದ್ವತ್ ವಲಯದ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಆಡದವನು, ಕಲಿಸದವನು, ಆಡಳಿತ ಮಂಡಳಿಯಲ್ಲಿ ಕುರ್ಚಿ ಇಲ್ಲದವನು ಒಂದು ವಿಶ್ವವಿದ್ಯಾಲಯದ ತೀರ್ಮಾನವನ್ನು ಯಾವ ಹಕ್ಕಿನಿಂದ ಪ್ರಶ್ನಿಸುತ್ತಾನೆ ಎಂಬುದು ಗಂಭೀರವಾದ ಪ್ರಶ್ನೆ. ಅವನಿಗೆ ಹಕ್ಕಿದೆ ಎಂದು ನಾನು ನಂಬುತ್ತೇನೆ. ಅದು ಒಡೆತನದಿಂದ ಬಂದದ್ದಲ್ಲ, ಸಂಬಂಧದಿಂದ ಬಂದದ್ದು. ನಮ್ಮೂರ ತೇರಿನ ಹಗ್ಗ ಹಿಡಿದವರು ತೇರಿನ ಒಡೆಯರಲ್ಲ. ಆದರೂ ತೇರು ಯಾವ ಬೀದಿಗೆ ತಿರುಗಬೇಕೆಂಬ ಮಾತು ಬಂದಾಗ ಅವರನ್ನು ಸುಮ್ಮನಿರಿಸಲಾಗದು. ಹಾಗೆಯೇ ಈ ಅಭಿಮಾನಿಯ ವಾದದಲ್ಲಿ ನೂರು ವರ್ಷಗಳಿಂದ ಒಬ್ಬ ವ್ಯಕ್ತಿ ಕಾಣೆಯಾಗಿದ್ದಾನೆ ಎಂದೂ ನಾನು ನಂಬುತ್ತೇನೆ. ಅವನು ಮೈದಾನದಲ್ಲಿ ಆಡುತ್ತಿರುವ ಹುಡುಗ. ಇಂದಿನ ಉಪನ್ಯಾಸದಲ್ಲಿ ಈ ಎರಡು ಮಾತುಗಳನ್ನು ತಮ್ಮ ಮುಂದೆ ವಿಸ್ತರಿಸುತ್ತೇನೆ.

ಮೊದಲು ಮೈದಾನದ ತೀರ್ಮಾನಗಳನ್ನೇ ನೋಡೋಣ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಅಡ್ಡ ಬಂದವರಿಗೆ ಡಿಕ್ಕಿ ಕೊಟ್ಟು ಎದುರಾಳಿಯ ಗಡಿ ದಾಟುವ ಆಟ. ಗಡಿ ದಾಟಿದರೆ ಟಚ್‌ಡೌನ್, ಆರು ಅಂಕ. ಅನಂತರ ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದರೆ ಇನ್ನೊಂದು ಅಂಕ. ಒದೆಯುವ ಬದಲು ಮತ್ತೊಮ್ಮೆ ಗಡಿ ದಾಟುವ ಸಾಹಸ ಮಾಡಿ ಗೆದ್ದರೆ ಎರಡು.

1966ರ ನವೆಂಬರ್ 19ರಂದು ದೇಶದ ಮೊದಲ ಮತ್ತು ಎರಡನೆಯ ಶ್ರೇಯಾಂಕದ ತಂಡಗಳಾದ ನೋಟರ್ ಡೇಮ್ ಮತ್ತು ಮಿಶಿಗನ್ ಸ್ಟೇಟ್ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಎದುರಾದವು. ಕೊನೆಯ ಒಂದು ನಿಮಿಷ ಚಿಲ್ಲರೆ ಉಳಿದಾಗ ಅಂಕ 10-10. ಚೆಂಡು ನೋಟರ್ ಡೇಮ್ ಕೈಯಲ್ಲಿತ್ತು, ಆದರೆ ತನ್ನದೇ ಅಂಗಳದ ಆಳದಲ್ಲಿ. ಮುಖ್ಯ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಪೆಟ್ಟು ತಿಂದು ಹೊರಗೆ ಕೂತಿದ್ದ. ಕೋಚ್ ಆರಾ ಪಾರ್ಸೆಗಿಯನ್ ಗೆಲುವಿನ ಬೆನ್ನು ಹತ್ತದೆ, ಚೆಂಡನ್ನು ಭದ್ರವಾಗಿ ಹಿಡಿದು ಗಡಿಯಾರ ಓಡಿಸಿದರು. ಪಂದ್ಯ ಸಮವಾಯಿತು, ಶ್ರೇಯಾಂಕ ಉಳಿಯಿತು, ಆ ವರ್ಷದ ರಾಷ್ಟ್ರೀಯ ಪಟ್ಟವೂ ಸಿಕ್ಕಿತು. ಆದರೆ ಆ ಒಂದು ನಿಮಿಷದ ಬಗ್ಗೆ ಎದ್ದ ವಾದ ಪಾರ್ಸೆಗಿಯನ್ ಬದುಕಿರುವವರೆಗೂ ಅವರನ್ನು ಹಿಂಬಾಲಿಸಿತು.

ಹದಿನೇಳು ವರ್ಷದ ಮೇಲೆ, 1984ರ ಜನವರಿ 2ರಂದು, ಮಿಯಾಮಿಯ ಆರೆಂಜ್ ಬೌಲ್ ಪಂದ್ಯ. ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದ ನೆಬ್ರಾಸ್ಕಾ ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಗಳಿಸಿ 30-31ಕ್ಕೆ ಬಂದು ನಿಂತಿತು. ಒಂದು ಒದೆತ ಸಾಕಿತ್ತು, ಪಂದ್ಯ ಸಮವಾಗುತ್ತಿತ್ತು, ಪಟ್ಟವೂ ಬಹುತೇಕ ಖಚಿತವಿತ್ತು. ಕೋಚ್ ಟಾಮ್ ಆಸ್‌ಬೋರ್ನ್ ಎರಡು ಅಂಕದ ಸಾಹಸಕ್ಕೆ ಕೈ ಹಾಕಿದರು. ಎಸೆದ ಚೆಂಡು ಎದುರಾಳಿಯ ಬೆರಳು ತಾಗಿ ದಿಕ್ಕು ತಪ್ಪಿತು. ಪಂದ್ಯವೂ ಹೋಯಿತು, ಪಟ್ಟವೂ ಹೋಯಿತು.

ಈ ಎರಡು ಗಳಿಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಭಿಮಾನಿಗಳ ಚರ್ಚೆಯ ಒಳಗುಟ್ಟು ತಿಳಿಯುತ್ತದೆ. ಮೇಲ್ನೋಟಕ್ಕೆ ಅದು ತಂತ್ರದ ಚರ್ಚೆ. ಒಳಗಿರುವುದು ಬೇರೆಯೇ ಪ್ರಶ್ನೆ: ಒಂದು ಕಾಲೇಜಿನ ತಂಡ ಯಾತಕ್ಕಾಗಿ ಆಡುತ್ತದೆ? ಪಟ್ಟಕ್ಕಾಗಿಯೋ, ಆಟ ಆಡಿದ ರೀತಿಗಾಗಿಯೋ? ಪಾರ್ಸೆಗಿಯನ್ ಪರ ವಾದಿಸುವವರು ವಿವೇಕವನ್ನೂ ಗಾಯಗೊಂಡ ತಂಡದ ಮೇಲಿನ ಹೊಣೆಯನ್ನೂ ಮುಂದಿಡುತ್ತಾರೆ. ಆಸ್‌ಬೋರ್ನ್ ಪರ ವಾದಿಸುವವರು ಗೆಲ್ಲಲು ಬಂದವನು ಗೆಲುವನ್ನೇ ಕೇಳಬೇಕು ಎನ್ನುತ್ತಾರೆ. ಆ ಸೋಲಿನ ನಂತರ ನೆಬ್ರಾಸ್ಕಾದ ಜನ ತಮ್ಮ ಕೋಚನ್ನು ಇನ್ನಷ್ಟು ಎತ್ತಿ ಹಿಡಿದರು. ಮುಂದೆ ಆಸ್‌ಬೋರ್ನ್ 1994, 1995 ಮತ್ತು 1997ರಲ್ಲಿ ರಾಷ್ಟ್ರೀಯ ಪಟ್ಟಗಳನ್ನು ಗೆದ್ದರು, ಆಮೇಲೆ ಅದೇ ರಾಜ್ಯದಿಂದ ಅಮೆರಿಕದ ಸಂಸತ್ತಿಗೂ ಆರಿಸಿ ಬಂದರು. 1996ರಲ್ಲಿ ಹೆಚ್ಚುವರಿ ಸಮಯದ ನಿಯಮ ಬಂದು ಸಮಬಲದ ಫಲಿತಾಂಶವೇ ಇಲ್ಲವಾಯಿತು. ಹಾಗಾಗಿ ಇಂದಿನ ಯಾವ ಕೋಚ್‌ಗೂ ಈ ಇಬ್ಬರ ಮುಂದಿದ್ದ ಆಯ್ಕೆ ಆ ರೂಪದಲ್ಲಿ ಬರುವುದಿಲ್ಲ. ಆದರೂ ವಾದ ನಿಂತಿಲ್ಲ. ನಿಲ್ಲದಿರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಧೈರ್ಯ ಯಾವುದು, ದುಡುಕು ಯಾವುದು ಎಂಬುದನ್ನು ಸಾಮಾನ್ಯ ಜನ ಇಷ್ಟು ಕಾಲ, ಇಷ್ಟು ವಿವರವಾಗಿ ಚರ್ಚಿಸುವ ಜಾಗಗಳು ಆಧುನಿಕ ಸಮಾಜದಲ್ಲಿ ಹೆಚ್ಚಿಲ್ಲ.

ಕಾಲೇಜಿಗೂ ಅಭಿಮಾನಿಗೂ ನಡುವಿನ ಈ ಸಂಬಂಧ ಬೆಳೆದದ್ದು ಹೇಗೆ? 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಶೈರ್‌ನ ಒಂದು ಸರೋವರದಲ್ಲಿ ದೋಣಿ ಸ್ಪರ್ಧೆ ನಡೆಸಿದರು. ಅದು ಅಮೆರಿಕದ ಮೊದಲ ಅಂತರ ಕಾಲೇಜು ಕ್ರೀಡಾ ಸ್ಪರ್ಧೆ. ಖರ್ಚು ಹೊತ್ತದ್ದು ಪ್ರಯಾಣಿಕರನ್ನು ಸೆಳೆಯಬೇಕೆಂದಿದ್ದ ಒಂದು ರೈಲ್ವೆ ಕಂಪನಿ. ಎಂದರೆ, ಹಣ ಆಮೇಲೆ ಬಂದು ಈ ಆಟವನ್ನು ಕೆಡಿಸಿತು ಎನ್ನುವವರು ಮೊದಲ ದಿನವನ್ನೇ ಮರೆತಿದ್ದಾರೆ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯಿತು. ಮುಂದೆ ಆಟ ಎಷ್ಟು ಕ್ರೂರವಾಯಿತೆಂದರೆ, 1905ರಲ್ಲಿ ಮೈದಾನದ ಸಾವುಗಳಿಂದ ಕಳವಳಗೊಂಡ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೇ ಕರೆಸಿಕೊಂಡರು. ಕಾಲೇಜು ಕ್ರೀಡೆಗೆ ನಿಯಮ ಹಾಕಲು ಮರುವರ್ಷ ಹುಟ್ಟಿದ ಸಂಘವೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು: ಆಟಗಾರರನ್ನು ಹಣ ಕೊಟ್ಟು ಸೆಳೆಯುವುದು ಬಹುತೇಕ ಕಡೆ ನಡೆಯುತ್ತಿದೆ, ಹಳೆಯ ವಿದ್ಯಾರ್ಥಿಗಳ ಹಿಡಿತ ಅತಿಯಾಗಿದೆ.

ಶಿಕಾಗೊ ವಿಶ್ವವಿದ್ಯಾಲಯ ಇದಕ್ಕೆ ಕೊಟ್ಟ ಉತ್ತರ ಖಡಾಖಂಡಿತವಾಗಿತ್ತು. ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿಯ ಮೊದಲ ವಿಜೇತನನ್ನು 1935ರಲ್ಲಿ ಕೊಟ್ಟ ಆ ಸಂಸ್ಥೆ, ನಾಲ್ಕೇ ವರ್ಷದ ಮೇಲೆ, ಅಧ್ಯಕ್ಷ ರಾಬರ್ಟ್ ಹಚಿನ್ಸ್ ಕಾಲದಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಬರಿದಾದ ಆ ಕ್ರೀಡಾಂಗಣದ ಗ್ಯಾಲರಿಯ ಕೆಳಗಿನ ಅಂಕಣದಲ್ಲಿಯೇ 1942ರ ಡಿಸೆಂಬರ್ 2ರಂದು ಮನುಷ್ಯನಿರ್ಮಿತ ಮೊದಲ ಅಣು ಸರಣಿಕ್ರಿಯೆ ನಡೆಯಿತು. ವಿಶ್ವವಿದ್ಯಾಲಯದ ಕೆಲಸ ಯಾವುದೆಂಬ ವಾದದಲ್ಲಿ ಹಚಿನ್ಸ್ ಪಕ್ಷದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹೀಗಿದ್ದರೂ ಶಿಕಾಗೊ ಹಾದಿಯನ್ನು ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳು ಹಿಡಿಯಲಿಲ್ಲ. ನೆಬ್ರಾಸ್ಕಾ, ಅಲಬಾಮಾಗಳಂಥ ರಾಜ್ಯಗಳಲ್ಲಿ ದೊಡ್ಡ ವೃತ್ತಿಪರ ಲೀಗ್‌ಗಳ ಒಂದು ತಂಡವೂ ಇಲ್ಲ. ಅಲ್ಲಿನ ರೈತನಿಗೆ, ಕಾರ್ಖಾನೆಯ ಕೆಲಸಗಾರನಿಗೆ ರಾಜ್ಯದ ಹೆಸರು ಹೊತ್ತು ಆಡುವ ತಂಡ ಒಂದೇ, ಅದು ವಿಶ್ವವಿದ್ಯಾಲಯದ್ದು. ಲಿಂಕನ್ ನಗರದ ನೆಬ್ರಾಸ್ಕಾ ಕ್ರೀಡಾಂಗಣದ ಟಿಕೆಟ್ಟುಗಳು 1962ರಿಂದ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತ ಬಂದಿವೆ. ಕಾಲೇಜಿನ ಮೆಟ್ಟಿಲು ಹತ್ತದವನೂ ಆ ಕಾಲೇಜನ್ನು ನಮ್ಮದು ಎನ್ನುತ್ತಾನೆ. ವಿದ್ಯಾಸಂಸ್ಥೆಗೆ ಇಂಥ ಜನಸಂಬಂಧ ಸಿಗುವುದು ದೊಡ್ಡ ಭಾಗ್ಯ. ಶಿಕಾಗೊದವರು ಕಳೆದುಕೊಂಡದ್ದೂ ಏನೋ ಇದೆ ಎಂಬುದನ್ನು ನಾವು ಒಪ್ಪಬೇಕು.

ಸಂಬಂಧವಿದ್ದ ಮೇಲೆ ಮಾತಿನ ಹಕ್ಕು ಬರುತ್ತದೆ. ಎರಡು ಪ್ರಸಂಗಗಳಲ್ಲಿ ಆ ಹಕ್ಕು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಚಲಾವಣೆಯಾಯಿತು.

2014ರ ಡಿಸೆಂಬರ್ 2ರಂದು ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಯುಎಬಿ, ತನ್ನ ಫುಟ್‌ಬಾಲ್ ತಂಡವನ್ನು ಮುಚ್ಚುವುದಾಗಿ ಪ್ರಕಟಿಸಿತು. ಜೊತೆಗೆ ಬೌಲಿಂಗ್ ಮತ್ತು ರೈಫಲ್ ತಂಡಗಳನ್ನೂ. ಖರ್ಚು ತಾಳಿಕೆಗೆ ಮೀರಿದೆ ಎಂಬುದು ಆಡಳಿತ ಕೊಟ್ಟ ಕಾರಣ. ಒಬ್ಬ ಸಲಹೆಗಾರರ ವರದಿ ಅದಕ್ಕೆ ಆಧಾರ. ಆಟಗಾರರು, ವಿದ್ಯಾರ್ಥಿಗಳು, ನಗರದ ಜನ ಬೀದಿಗಿಳಿದರು. ಅಳು, ಕೂಗು ಎಲ್ಲ ಇತ್ತು. ನನಗೆ ಮುಖ್ಯವೆನಿಸುವುದು ಅದರ ಆಚೆಗೆ ನಡೆದದ್ದು. ಅಭಿಮಾನಿಗಳು ಲೆಕ್ಕಪತ್ರ ಕೇಳಿದರು. ಖರ್ಚೆಂದು ತೋರಿಸಿದ ವಿದ್ಯಾರ್ಥಿವೇತನದಲ್ಲಿ ವಿಶ್ವವಿದ್ಯಾಲಯದ ಕೈಯಿಂದ ನಿಜವಾಗಿ ಹೋಗುವುದೆಷ್ಟು ಎಂಬಂಥ ಪ್ರಶ್ನೆಗಳು ಎದ್ದವು. ಅಧ್ಯಾಪಕರ ಸೆನೆಟ್ ವಿಶ್ವವಿದ್ಯಾಲಯದ ಅಧ್ಯಕ್ಷರ ಮೇಲೆ ಅವಿಶ್ವಾಸ ಸೂಚಿಸಿತು. ಅರ್ಥಶಾಸ್ತ್ರಜ್ಞರ ಇನ್ನೊಂದು ತಂಡ ಮೊದಲ ವರದಿಯ ಲೆಕ್ಕವನ್ನು ಅಲ್ಲಗಳೆಯಿತು. ನಗರದ ಉದ್ಯಮಿಗಳು, ಹಳೆಯ ವಿದ್ಯಾರ್ಥಿಗಳು ಕೈಯಿಂದ ಹಣ ಹಾಕುವ ವಾಗ್ದಾನ ಕೊಟ್ಟರು. 2015ರ ಜೂನ್ 1ರಂದು ತೀರ್ಮಾನ ಹಿಂದೆ ಸರಿಯಿತು. 2017ರಲ್ಲಿ ತಂಡ ಮೈದಾನಕ್ಕೆ ಮರಳಿತು, ಮರುವರ್ಷ ತನ್ನ ಕಾನ್ಫರೆನ್ಸಿನ, ಎಂದರೆ ಒಟ್ಟಿಗೆ ಆಡುವ ಕಾಲೇಜುಗಳ ಕೂಟದ, ಪಟ್ಟ ಗೆದ್ದಿತು. ಇಲ್ಲಿ ಅಭಿಮಾನಿ ಕೂಗಿ ಗೆದ್ದ ಎಂದರೆ ಅರ್ಧ ಸತ್ಯ. ಆಡಳಿತ ಮುಂದಿಟ್ಟ ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸಿದ್ದಕ್ಕೆ ಗೆದ್ದ.

ಎರಡನೆಯದು ರಟ್ಗರ್ಸ್, ಕಾಲೇಜು ಫುಟ್‌ಬಾಲಿನ ತವರು. 1990ರ ದಶಕದಲ್ಲಿ ಅಲ್ಲಿನ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಕೂಡಿ ‘ರಟ್ಗರ್ಸ್ 1000’ ಎಂಬ ಚಳವಳಿ ಕಟ್ಟಿದರು. ದೊಡ್ಡ ಹಣದ ಕ್ರೀಡೆಯಿಂದ ನಮ್ಮ ವಿಶ್ವವಿದ್ಯಾಲಯ ಹಿಂದೆ ಸರಿಯಲಿ, ಹಳೆಯ ನೆರೆಹೊರೆಯ ಕಾಲೇಜುಗಳೊಡನೆ ಆಡುತ್ತಿದ್ದ ಕಾಲಕ್ಕೆ ಮರಳಲಿ ಎಂಬುದು ಅವರ ಬೇಡಿಕೆ. ಹಳೆಯ ವಿದ್ಯಾರ್ಥಿಗಳ ಪತ್ರಿಕೆ ಅವರ ಜಾಹೀರಾತನ್ನು ನಿರಾಕರಿಸಿತು. ಪ್ರಕರಣ ನ್ಯೂ ಜೆರ್ಸಿಯ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಚಳವಳಿಗಾರರ ಪರ ನಿಂತಿತು: ಸಾರ್ವಜನಿಕ ವಿಶ್ವವಿದ್ಯಾಲಯದ ಪತ್ರಿಕೆ ಒಂದು ಅಭಿಪ್ರಾಯ ತನಗೆ ಒಗ್ಗದೆಂದು ಅದರ ಬಾಯಿ ಮುಚ್ಚಿಸುವಂತಿಲ್ಲ. ಚಳವಳಿ ತನ್ನ ಗುರಿ ಮುಟ್ಟಲಿಲ್ಲ. ರಟ್ಗರ್ಸ್ 2014ರಲ್ಲಿ ಬಿಗ್ ಟೆನ್ ಎಂಬ ಭಾರೀ ಹಣದ ಕಾನ್ಫರೆನ್ಸ್ ಸೇರಿತು. ಆದರೆ ತಂಡವನ್ನು ಪ್ರೀತಿಸುವವರ ಮಾತಿಗೆ ಎಷ್ಟು ಜಾಗವಿದೆಯೋ, ತಂಡದ ದಾರಿಯನ್ನೇ ಒಪ್ಪದವರ ಮಾತಿಗೂ ಅಷ್ಟೇ ಜಾಗವಿದೆ ಎಂಬುದು ಕಾನೂನಿನ ಮಾತಾಯಿತು. ಅವರೂ ಆ ಕಾಲೇಜಿನ ಅಭಿಮಾನಿಗಳೇ.

ಇಲ್ಲಿ ನಮ್ಮ ಕಡೆಗೊಂದು ನೋಟ ಹರಿಸುವುದು ತಪ್ಪಾಗಲಾರದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕ್ರೀಡೆ ಇಲ್ಲವೆಂದಲ್ಲ. ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು ದಶಕಗಳಿಂದ ನಡೆಯುತ್ತಿವೆ; 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೇ ಬೆಂಗಳೂರಿನಲ್ಲಿ ಜರುಗಿತು. ಕಾಲೇಜಿಗೆ ಸೇರುವಾಗ ವಿದ್ಯಾರ್ಥಿ ಕ್ರೀಡಾ ಶುಲ್ಕ ಕಟ್ಟುತ್ತಾನೆ. ಆ ಶುಲ್ಕದ ಲೆಕ್ಕ, ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತುಂಬಿದೆಯೋ ಖಾಲಿ ಇದೆಯೋ ಎಂಬ ವಿಚಾರ, ಹುಡುಗಿಯರ ತಂಡಕ್ಕೆ ಬಸ್ಸಿನ ಖರ್ಚು ಕೊಟ್ಟರೋ ಇಲ್ಲವೋ ಎಂಬುದು ನಮ್ಮಲ್ಲಿ ಊರ ಚರ್ಚೆಯಾಗುವುದು ಅಪರೂಪ. ಗ್ಯಾಲರಿ ಇಲ್ಲದ ಕಡೆ ಗ್ಯಾಲರಿಯ ವಾದವೂ ಇಲ್ಲ. ಅಮೆರಿಕದ ಅತಿರೇಕವನ್ನು ಕಂಡು ನಾವು ನೆಮ್ಮದಿ ಪಡುವುದಕ್ಕೆ ಇದರಲ್ಲಿ ಏನೂ ಇಲ್ಲವೆಂದು ನನಗೆ ತೋರುತ್ತದೆ.

ಮಾನ್ಯರೇ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ವಾದದಲ್ಲಿ ಆಟಗಾರ ಎಲ್ಲಿದ್ದ?

1955ರಲ್ಲಿ ಕೊಲರಾಡೊದ ಒಂದು ಸಣ್ಣ ಕಾಲೇಜಿನ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ಹೆಂಡತಿ ಕೆಲಸಗಾರರಿಗೆ ಸಿಗುವ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲ, ಆದ್ದರಿಂದ ಅವನು ಕೆಲಸಗಾರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು 1957ರಲ್ಲಿ ಅವಳ ಕೋರಿಕೆಯನ್ನು ತಳ್ಳಿತು. ಅದೇ ಕಾಲದಲ್ಲಿ ಎನ್‌ಸಿಎಎ ಆಟಗಾರರನ್ನು ‘ವಿದ್ಯಾರ್ಥಿ ಕ್ರೀಡಾಪಟು’ ಎಂದೇ ಕರೆಯಬೇಕೆಂದು ಪಟ್ಟು ಹಿಡಿಯಿತು. ಇಂಥ ಪರಿಹಾರದ ಬೇಡಿಕೆಗಳಿಂದ ಕಾಲೇಜುಗಳನ್ನು ಕಾಪಾಡಲೆಂದೇ ಆ ಹೆಸರು ರೂಪಿಸಿದೆವೆಂದು, ಆ ಸಂಸ್ಥೆಯನ್ನು ಮೂರೂವರೆ ದಶಕ ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತರಾದ ಮೇಲೆ ಬರೆದ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ.

ಓಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಎನ್‌ಸಿಎಎ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1984ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಟೀವಿಯಲ್ಲಿ ಎಷ್ಟು ಪಂದ್ಯ ತೋರಿಸಬೇಕೆಂಬ ಕಡಿವಾಣವನ್ನು ಸಂಘ ತನ್ನ ಕೈಯಲ್ಲಿಟ್ಟುಕೊಂಡಿತ್ತು. ಏಳು ನ್ಯಾಯಮೂರ್ತಿಗಳು ಅದನ್ನು ಮುರಿದರು. ಭಿನ್ನಮತ ಬರೆದವರು ಬೈರನ್ ವೈಟ್. ತಮ್ಮ ಕಾಲದಲ್ಲಿ ಅವರೇ ಹೆಸರಾಂತ ಕಾಲೇಜು ಆಟಗಾರ. ತೀರ್ಪಿನಿಂದ ಟೀವಿಯ ಹೊಳೆ ಕಾಲೇಜುಗಳತ್ತ ಹರಿಯಿತು. ಅದೇ ತೀರ್ಪಿನಲ್ಲಿ, ಪ್ರಕರಣಕ್ಕೆ ಸಂಬಂಧಿಸಿರದಿದ್ದರೂ, ಆಟಗಾರರಿಗೆ ಹಣ ಕೊಡಬಾರದೆಂಬ ಅರ್ಥದ ಒಂದು ಮಾತು ಸೇರಿಕೊಂಡಿತ್ತು. ಕಾಲೇಜುಗಳು ಹಣವನ್ನು ಮನೆಗೆ ಒಯ್ದವು, ಆ ಮಾತನ್ನು ಆಟಗಾರರ ಎದುರಿಗೆ ಮೂವತ್ತೇಳು ವರ್ಷ ಹಿಡಿದು ನಿಂತವು.

ಇಲ್ಲಿಯೇ ಅಭಿಮಾನಿಯ ಹೆಸರು ಬರುವುದು. ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒ’ಬ್ಯಾನನ್ ತನ್ನ ರೂಪವನ್ನು ವಿಡಿಯೊ ಗೇಮಿನಲ್ಲಿ ಬಳಸಿಕೊಂಡರೆಂದು 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಎನ್‌ಸಿಎಎ ಮುಂದಿಟ್ಟ ವಾದಗಳಲ್ಲಿ ಒಂದು ಹೀಗಿತ್ತು: ಹುಡುಗರು ಹಣಕ್ಕಾಗಿ ಆಡುವುದಿಲ್ಲ ಎಂಬ ಕಾರಣಕ್ಕೇ ಜನ ಈ ಆಟವನ್ನು ನೋಡುತ್ತಾರೆ, ಹಣ ಕೊಟ್ಟರೆ ನೋಡುವುದನ್ನು ಬಿಡುತ್ತಾರೆ. ಇದಕ್ಕೆ ಆಧಾರವಾಗಿ ಜನಾಭಿಪ್ರಾಯ ಸಮೀಕ್ಷೆಯನ್ನೂ ತಂದರು. ಗ್ಯಾಲರಿಯಲ್ಲಿ ಕೂತವನ ಪ್ರೀತಿಯನ್ನು ಕೋರ್ಟಿನ ಕಟಕಟೆಗೆ ತಂದು, ಅವನು ಯಾರಿಗಾಗಿ ಚಪ್ಪಾಳೆ ತಟ್ಟುತ್ತಾನೋ ಅವನ ವಿರುದ್ಧವೇ ಸಾಕ್ಷಿ ಹೇಳಿಸಿದರು. ನ್ಯಾಯಾಧೀಶೆ ಕ್ಲಾಡಿಯ ವಿಲ್ಕನ್ 2014ರಲ್ಲಿ ಆ ಸಾಕ್ಷ್ಯಕ್ಕೆ ಮಣಿಯಲಿಲ್ಲ. 2021ರ ಜೂನ್ 21ರಂದು, ಆಟಗಾರರೇ ಹೂಡಿದ್ದ ಆಲ್‌ಸ್ಟನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. 1984ರ ಆ ಬಿಡಿ ಮಾತು ಎಲ್ಲ ಕಾಲಕ್ಕೂ ಬಂಧಿಸುವ ನಿಯಮವಲ್ಲ ಎಂದರು. ಹತ್ತೇ ದಿನದಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದಾಯಿತು. ಆ ವರ್ಷವೇ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವನು ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಹಳೆಯ ನಿಯಮವೂ ಸಡಿಲವಾಗಿತ್ತು. ಶನಿವಾರದ ಗ್ಯಾಲರಿಗಳು ಬರಿದಾಗಲಿಲ್ಲ. 2024ರಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲ್ ಪಂದ್ಯವನ್ನು ಪುರುಷರ ಫೈನಲ್ಲಿಗಿಂತ ಹೆಚ್ಚು ಜನ ಟೀವಿಯಲ್ಲಿ ನೋಡಿದರು. ಅಂಗಣದಲ್ಲಿದ್ದ ತಾರೆಯರು ಜಾಹೀರಾತಿನಿಂದ ಸಂಪಾದಿಸುತ್ತಿದ್ದರೆಂಬುದು ಯಾರ ಪ್ರೀತಿಗೂ ಅಡ್ಡಿಯಾಗಲಿಲ್ಲ.

ಅಭಿಮಾನಿಗಳಲ್ಲಿ ಅನೇಕರು ಈಗಲೂ ಹಳೆಯ ಕಾಲಕ್ಕಾಗಿ ಹಲುಬುತ್ತಾರೆ. ನಾಲ್ಕು ವರ್ಷ ಒಬ್ಬ ಹುಡುಗ ಕಣ್ಣೆದುರಿಗೆ ಬೆಳೆಯುವುದನ್ನು ನೋಡುವ ಸುಖ ಹೋಯಿತು, ನಿಷ್ಠೆ ಹೋಯಿತು ಎನ್ನುತ್ತಾರೆ. ಆ ನೋವು ಸಾಚಾ. ಆದರೆ ನಿಷ್ಠೆಯನ್ನು ಯಾರಿಂದ ಕೇಳುತ್ತಿದ್ದೇವೆ ಎಂಬುದನ್ನು ಗಮನಿಸಬೇಕು. ಕೋಚ್ ಹೆಚ್ಚಿನ ಸಂಬಳಕ್ಕೆ ಋತುವಿನ ಕೊನೆಯಲ್ಲಿ ಊರು ಬಿಡಬಹುದಿತ್ತು. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚನ್ನು ಅವಧಿಗೆ ಮೊದಲೇ ಕಳಿಸಲು 7.5 ಕೋಟಿ ಡಾಲರಿಗೂ ಮಿಕ್ಕಿ ಹಣ ಕೊಡಲು ಒಪ್ಪಿತು. ವಿಶ್ವವಿದ್ಯಾಲಯಗಳೇ ನೂರು ವರ್ಷದ ನೆರೆಹೊರೆ ಬಿಟ್ಟು ಬೇರೆ ಕಾನ್ಫರೆನ್ಸಿಗೆ ಜಿಗಿದವು. ಪಶ್ಚಿಮ ಕರಾವಳಿಯ ಪ್ಯಾಕ್-12 ಒಡೆದು ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ ಕಾಲೇಜುಗಳಿಗೆ ಇಳಿಯಿತು. 2024ರಿಂದ ಲಾಸ್ ಏಂಜಲಿಸ್‌ನ ಯುಸಿಎಲ್‌ಎಯೂ ನ್ಯೂ ಜೆರ್ಸಿಯ ರಟ್ಗರ್ಸೂ ಒಂದೇ ಕಾನ್ಫರೆನ್ಸಿನಲ್ಲಿವೆ; ನಡುವೆ ಸುಮಾರು 4,000 ಕಿಲೋಮೀಟರ್. ಫುಟ್‌ಬಾಲಿನ ಟೀವಿ ಹಣಕ್ಕಾಗಿ ಆದ ಈ ಏರ್ಪಾಟಿನಲ್ಲಿ ವಾರದ ನಡುವೆ ವಿಮಾನ ಹತ್ತಿ ತರಗತಿ ತಪ್ಪಿಸಿಕೊಳ್ಳುವವರು ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರು. ಈ ತೀರ್ಮಾನ ಮಾಡುವಾಗ ಅಭಿಮಾನಿಯನ್ನು ಕೇಳಲಿಲ್ಲ, ಆಟಗಾರರನ್ನೂ ಕೇಳಲಿಲ್ಲ. ಇಬ್ಬರೂ ಒಂದೇ ಪಕ್ಷದವರೆಂದು ಆಗಲಾದರೂ ತಿಳಿಯಬೇಕಿತ್ತು. ಬದಲಿಗೆ ಗ್ಯಾಲರಿಯ ಸಿಟ್ಟು ಬಹುಪಾಲು ತಿರುಗಿದ್ದು ಕಾಲೇಜು ಬದಲಿಸಿದ ಹತ್ತೊಂಬತ್ತರ ಹುಡುಗನ ಮೇಲೆ.

ಆ ಸಿಟ್ಟಿಗೆ ಇನ್ನೂ ಕೆಟ್ಟ ಮುಖವಿದೆ. 2013ರ ನವೆಂಬರ್ 30ರಂದು ಆಬರ್ನ್ ವಿರುದ್ಧದ ಪಂದ್ಯದ ಕೊನೆಯ ಒಂದು ಸೆಕೆಂಡಿನಲ್ಲಿ ಅಲಬಾಮಾದ ಕೋಚ್ 57 ಗಜ ದೂರದಿಂದ ಚೆಂಡು ಒದೆಸಿದರು. ಒದೆತ ಗುರಿ ಮುಟ್ಟದೆ ಬಿತ್ತು, ಆಬರ್ನ್ ಆಟಗಾರ ಅದನ್ನು ಹಿಡಿದು ಇಡೀ ಮೈದಾನ ಓಡಿ ಪಂದ್ಯವನ್ನೇ ಕಸಿದುಕೊಂಡ. ಕೋಚ್ ತೀರ್ಮಾನವನ್ನು ಎಷ್ಟು ಬೇಕಾದರೂ ಚರ್ಚಿಸಬಹುದು. ಆದರೆ ಅದೇ ಪಂದ್ಯದಲ್ಲಿ ಮೊದಲು ಗುರಿ ತಪ್ಪಿದ್ದ ಇನ್ನೊಬ್ಬ ಕಿಕ್ಕರ್‌ಗೆ, ಕಾಲೇಜು ಓದುವ ಹುಡುಗನಿಗೆ, ಕೊಲೆ ಬೆದರಿಕೆಗಳು ಬಂದವು. ಮಾಜಿ ಅಧ್ಯಕ್ಷ ಜಾರ್ಜ್ ಬುಷ್ ಧೈರ್ಯ ಹೇಳಿ ಅವನಿಗೆ ಕೈಬರಹದ ಪತ್ರ ಕಳಿಸಿದರು. 2018ರಲ್ಲಿ ಸುಪ್ರೀಂ ಕೋರ್ಟು ಕ್ರೀಡಾ ಜೂಜಿನ ಮೇಲಿನ ಕೇಂದ್ರದ ತಡೆಯನ್ನು ರದ್ದು ಮಾಡಿತು. ಅಂದಿನಿಂದ ಒಬ್ಬೊಬ್ಬ ವಿದ್ಯಾರ್ಥಿಯ ಆಟದ ಮೇಲೂ ಹಣ ಕಟ್ಟುವುದು ಹಲವು ರಾಜ್ಯಗಳಲ್ಲಿ ಶುರುವಾಗಿ, ಅಂಥ ಬಾಜಿಗಳನ್ನು ನಿಷೇಧಿಸಿರೆಂದು ಎನ್‌ಸಿಎಎ ರಾಜ್ಯಗಳನ್ನು ಕೇಳಿಕೊಳ್ಳುವ ಸ್ಥಿತಿ ಬಂದಿದೆ. ತಂಡದ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಹುಡುಗನ ಮೈಮೇಲೆ ಬೀಳುವ ಹಕ್ಕಲ್ಲ. ಈ ಗೆರೆ ದಾಟಿದವನನ್ನು ನಾನು ಅಭಿಮಾನಿಯೆಂದು ಎಣಿಸುವುದಿಲ್ಲ.

2023ರ ಡಿಸೆಂಬರಿನ ಪ್ರಸಂಗವೂ ನೆನಪಿಡತಕ್ಕದ್ದು. ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದು ತನ್ನ ಕಾನ್ಫರೆನ್ಸಿನ ಪಟ್ಟ ಹೊತ್ತ ಫ್ಲಾರಿಡ ಸ್ಟೇಟ್ ತಂಡವನ್ನು ಆಯ್ಕೆ ಸಮಿತಿ ರಾಷ್ಟ್ರೀಯ ನಾಕೌಟಿಗೆ ತೆಗೆದುಕೊಳ್ಳಲಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಭಾರೀ ಪೆಟ್ಟಾಗಿದೆ, ಆ ತಂಡ ಈಗ ಹಿಂದಿನ ತಂಡವಲ್ಲ ಎಂಬುದು ಕಾರಣ. ಇಡೀ ರಾಜ್ಯ ಸಿಡಿದೆದ್ದಿತು, ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದರು. ಗಾಯಾಳು ಆಟಗಾರ ಮಾತ್ರ ಬಹಿರಂಗವಾಗಿ ಹೇಳಿದ್ದು, ತನ್ನ ಕಾಲು ಋತುವಿನಲ್ಲಿ ಇನ್ನೂ ಮೊದಲೇ ಮುರಿದಿದ್ದರೆ ಈ ತಂಡ ತನ್ನೊಬ್ಬನದಲ್ಲವೆಂದು ಸಮಿತಿಗೆ ಕಾಣುತ್ತಿತ್ತು ಎಂದು. ಆಡುವ ಹುಡುಗ ತನ್ನ ಮುರಿದ ಕಾಲಿಗೆ ತಾನೇ ಕ್ಷಮೆ ಕೇಳುವಂತೆ ಮಾಡುವ ಯಾವ ವ್ಯವಸ್ಥೆಯ ಬಗ್ಗೆಯೂ ಗ್ಯಾಲರಿ ಇನ್ನೂ ಗಟ್ಟಿಯಾಗಿ ಮಾತಾಡಬೇಕು.

ಆಟಗಾರರ ಹಣದ ಪ್ರಶ್ನೆಯೂ ಈ ನಡುವೆ ಮುಂದೆ ಸಾಗಿದೆ. 2025ರ ಜೂನ್ 6ರಂದು ಅದೇ ನ್ಯಾಯಾಧೀಶೆ ವಿಲ್ಕನ್ ಒಪ್ಪಿದ, ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ಒಡಂಬಡಿಕೆಯಂತೆ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. ಕಾಲೇಜುಗಳು ಇಂದಿನ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್. ಇದನ್ನು ಫುಟ್‌ಬಾಲಿಗೆ ಎಷ್ಟು, ಈಜಿಗೆ ಎಷ್ಟು, ಮಹಿಳೆಯರ ತಂಡಗಳಿಗೆ ಎಷ್ಟು ಎಂದು ಹಂಚುವುದು ಈಗಿನ ವಾದ. ಲಿಂಗಭೇದವನ್ನು ನಿಷೇಧಿಸಿದ 1972ರ ಟೈಟಲ್ 9 ಕಾನೂನು ಈ ಹಂಚಿಕೆಗೂ ಅನ್ವಯಿಸುತ್ತದೆಯೇ ಎಂಬುದು ಮತ್ತೆ ಕೋರ್ಟಿನ ಬಾಗಿಲಲ್ಲಿದೆ. ಹಣ ತರದ ತಂಡಗಳನ್ನು ಮುಚ್ಚುವ ಭಯ ಹುಸಿಯಲ್ಲ. ಸ್ಟ್ಯಾನ್‌ಫರ್ಡ್ 2020ರಲ್ಲಿ ಹನ್ನೊಂದು ಕ್ರೀಡೆಗಳನ್ನು ಕೈಬಿಡಲು ಹೊರಟು, ಹಳೆಯ ಆಟಗಾರರ ಹೋರಾಟದಿಂದ ಮರುವರ್ಷ ಹಿಂದೆ ಸರಿದಿತ್ತು. ಬರ್ಮಿಂಗ್‌ಹ್ಯಾಮಿನ ಜನ ಫುಟ್‌ಬಾಲಿಗಾಗಿ ಕೇಳಿದ ಲೆಕ್ಕವನ್ನು ಇನ್ನು ಮುಂದೆ ಈಜುಗಾರರಿಗಾಗಿ, ಕುಸ್ತಿಪಟುಗಳಿಗಾಗಿಯೂ ಕೇಳಬೇಕಾಗುತ್ತದೆ.

ಆಟಗಾರರು ತಾವೇ ಮೇಜಿನ ಮುಂದೆ ಕೂರುವ ಪ್ರಯತ್ನವೂ ನಡೆದಿದೆ. 2024ರ ಮಾರ್ಚಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಪುರುಷರ ಬಾಸ್ಕೆಟ್‌ಬಾಲ್ ತಂಡ 13-2 ಮತಗಳಿಂದ ಕಾರ್ಮಿಕ ಸಂಘ ಸೇರಲು ನಿರ್ಧರಿಸಿತು. ಕಾಲೇಜು ಮಾತುಕತೆಗೆ ಒಪ್ಪಲಿಲ್ಲ. ವರ್ಷದ ಕೊನೆಯ ದಿನ, ಮಾನ್ಯತೆಗಾಗಿ ಸಲ್ಲಿಸಿದ್ದ ಅರ್ಜಿಯನ್ನೇ ಕಾರ್ಮಿಕ ಸಂಘ ಹಿಂತೆಗೆದುಕೊಂಡಿತು. ಅಲ್ಲಿನ ಹಳೆಯ ವಿದ್ಯಾರ್ಥಿಗಳು ಒಟ್ಟಾಗಿ ಆ ಹದಿನೈದು ಹುಡುಗರ ಬೆನ್ನಿಗೆ ನಿಂತಿದ್ದರೆ ಕಾಲೇಜು ಇಷ್ಟು ಸುಲಭವಾಗಿ ಬಾಗಿಲು ಹಾಕುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಒಂದು ತಂಡವನ್ನು ಉಳಿಸಲು ನಗರವನ್ನೇ ಎಬ್ಬಿಸಬಲ್ಲ ಜನಶಕ್ತಿ ಆ ತಂಡದವರಿಗೆ ಒಂದು ಕುರ್ಚಿ ಕೊಡಿಸಲಾರದೆಂದು ನಾನು ನಂಬಲಾರೆ.

ಕುರ್ಚಿ ಸಿಕ್ಕ ದಿನ ಮೊದಲು ಮಾತಾಡಬೇಕಾದದ್ದು ಸಂಬಳದ ಬಗ್ಗೆ ಅಲ್ಲ, ಪೆಟ್ಟಿನ ಬಗ್ಗೆ. ಕೊಲರಾಡೊದ ಆ ಹೆಂಗಸಿನ ಕೋರಿಕೆ ತಿರಸ್ಕೃತವಾಗಿ 67 ವರ್ಷ ಕಳೆದ ಮೇಲೆ, 2024ರ ಆಗಸ್ಟಿನಲ್ಲಿ, ಆಡುವಾಗ ಆದ ಗಾಯಕ್ಕೆ ಕಾಲೇಜು ಕ್ರೀಡೆ ಬಿಟ್ಟ ನಂತರವೂ ಎರಡು ವರ್ಷ ಚಿಕಿತ್ಸೆಯ ವೆಚ್ಚ ಭರಿಸುವ ವಿಮೆಯನ್ನು ಎನ್‌ಸಿಎಎ ಜಾರಿಗೆ ತಂದಿತು. ಇಪ್ಪತ್ತೆರಡರ ವಯಸ್ಸಿನಲ್ಲಿ ಮಂಡಿ ಕಳೆದುಕೊಂಡವನಿಗೆ ಇಪ್ಪತ್ತನಾಲ್ಕಕ್ಕೆ ಆ ವಿಮೆ ಮುಗಿಯುತ್ತದೆ. ಆ ಅವಧಿ ಎರಡೇ ವರ್ಷ ಏಕೆ ಎಂಬ ಪ್ರಶ್ನೆಯನ್ನು ಮುಂದಿನ ಶನಿವಾರ ಆನ್ ಆರ್ಬರ್ ಗ್ಯಾಲರಿಯ ಆ ಲಕ್ಷ ಜನ ಎತ್ತಿಕೊಳ್ಳಲಿ ಎಂದು ಹಾರೈಸುತ್ತೇನೆ.